ನರ್ಸಿಂಗ್ ಸೀಟು: ಬೋರ್ಡು ನೋಡಬೇಡಿ, ಹಾಸಿಗೆ ಎಣಿಸಿ

ಪಿಯುಸಿ ರಿಸಲ್ಟು ಬಂದರೆ ಸಾಕು, ಲಗ್ಗೆರೆಯ ಲೈಟು ಕಂಬಗಳಿಗೆ ಹೊಸ ಅಂಗಿ ಬರುತ್ತದೆ. 'ಮನೆ ಬಾಡಿಗೆಗಿದೆ', 'ಮೂಲವ್ಯಾಧಿಗೆ ಗ್ಯಾರಂಟಿ ಚಿಕಿತ್ಸೆ' ಚೀಟಿಗಳ ಪಕ್ಕದಲ್ಲೇ ಇನ್ನೊಂದು ಚೀಟಿ: 'ನರ್ಸಿಂಗ್ ಸೀಟು ಲಭ್ಯ. ಕೆಲಸ ಗ್ಯಾರಂಟಿ. ಕೂಡಲೇ ಸಂಪರ್ಕಿಸಿ.' ಕೆಳಗೆ ಒಂದು ಫೋನ್ ನಂಬರು. ಕಾಲೇಜಿನ ಹೆಸರಿಲ್ಲ, ವಿಳಾಸ ಮೊದಲೇ ಇಲ್ಲ. ಆಸ್ಪತ್ರೆ ಯಾವುದು ಎಂಬ ಮಾತಂತೂ ಎಲ್ಲೂ ಇಲ್ಲ.

ಈ ಚೀಟಿ ಓದುವವರು ಯಾರು? ಸಂಜೆ ರಿಂಗ್ ರೋಡಿನ ಸೇತುವೆ ಹತ್ತಿರ ಹತ್ತು ನಿಮಿಷ ನಿಂತರೆ ಉತ್ತರ ಸಿಗುತ್ತದೆ. ಪೀಣ್ಯದ ಗಾರ್ಮೆಂಟ್ಸ್ ಬಿಟ್ಟಾಗ ಬಸ್ಸಿಂದ ಇಳಿಯುವ ಹೆಂಗಸರು, ಮಷಿನ್ ಶಾಪಿನಿಂದ ಸೈಕಲ್ಲು ತಳ್ಳಿಕೊಂಡು ಬರುವ ಗಂಡಸರು, ಮುಖ್ಯರಸ್ತೆಯ ಪ್ರಾವಿಜನ್ ಸ್ಟೋರ್ ಯಜಮಾನರು. ತುಮಕೂರು, ಮಂಡ್ಯ, ಹಾಸನ, ರಾಯಚೂರು ಕಡೆಯಿಂದ ಬಂದು ಇಲ್ಲಿ ಬೇರು ಬಿಟ್ಟ ಸಂಸಾರಗಳು. 'ನಾನಂತೂ ಮಷಿನ್ ಮುಂದೆ ಕೂತೆ, ಮಗಳು ಬಿಳಿ ಕೋಟು ಹಾಕಲಿ' ಎಂಬ ಆಸೆ ಇಲ್ಲಿನ ಮನೆಮನೆಯಲ್ಲೂ ಉಂಟು. ಆ ಆಸೆಗೆ ಪಿಎಫ್ ದುಡ್ಡು ಬರುತ್ತದೆ, ಎತ್ತಿದ ಚೀಟಿ ದುಡ್ಡು ಬರುತ್ತದೆ, ಸಾಲದಿದ್ದರೆ ಮಾಂಗಲ್ಯದ ಸರವೂ ಗಿರವಿ ಅಂಗಡಿಗೆ ಹೋಗುತ್ತದೆ.

ಹೀಗೆ ಹತ್ತು ವರ್ಷ ಕೂಡಿಟ್ಟ ದುಡ್ಡಿನ ತೀರ್ಮಾನ ಒಂದೇ ವಾರದಲ್ಲಿ ಆಗಿಹೋಗುತ್ತದೆ. ಅದೂ ಫೋನಿನಲ್ಲಿ. 'ಮೇಡಂ, ನಾಳೆ ಬಂದ್ರೆ ಸೀಟಿದೆ, ನಾಡಿದ್ದು ಬಂದ್ರೆ ನಾನು ಜವಾಬ್ದಾರನಲ್ಲ' ಎಂದ ಕೂಡಲೇ ಅಡ್ವಾನ್ಸು ಕಟ್ಟಿದ್ದಾಯ್ತು. ಸೀರೆ ತಗೊಳ್ಳುವಾಗ ನಾಲ್ಕು ಅಂಗಡಿ ತಿರುಗುವ ಜನ, ಮಗಳ ಬದುಕು ಕೊಳ್ಳುವಾಗ ಒಂದು ಅಂಗಡಿಯನ್ನೂ ಒಳಹೊಕ್ಕು ನೋಡುವುದಿಲ್ಲ.

ಆಸೆ ತಪ್ಪಲ್ಲ

ನರ್ಸಿಂಗ್ ಓದಿಸುವ ಆಸೆಯಲ್ಲಿ ತಪ್ಪೇನೂ ಇಲ್ಲ. ಜಗತ್ತಿಗೆ 58 ಲಕ್ಷ ನರ್ಸುಗಳು ಕಡಿಮೆ ಬಿದ್ದಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಲೆಕ್ಕ ಕೊಟ್ಟಿದೆ. ಕೊರೊನಾ ಕಾಲದಲ್ಲಿ ಡಾಕ್ಟರಷ್ಟೇ ಸಿಸ್ಟರೂ ಬೇಕು ಎಂಬುದು ಊರಿಗೆಲ್ಲ ಗೊತ್ತಾಯಿತು. ಕಲಿತ ಕೈಗೆ ಇಲ್ಲೂ ಕೆಲಸ ಇದೆ, ದುಬೈಯಲ್ಲೂ ಇದೆ, ಲಂಡನ್ನಿನಲ್ಲೂ ಇದೆ.

ಆದರೆ ಹಾಲಿಗೆ ಗಿರಾಕಿ ಹೆಚ್ಚಿದ ಕಡೆಯೇ ನೀರು ಬೆರೆಸುವವನೂ ಹುಟ್ಟುತ್ತಾನೆ. ರಾಜ್ಯದಲ್ಲಿ ಇವತ್ತು ನರ್ಸಿಂಗ್ ಕಾಲೇಜುಗಳ ಸಂಖ್ಯೆ ನೂರುಗಳಲ್ಲಿದೆ. ಇವುಗಳಲ್ಲಿ ಚಿನ್ನದಂಥವು ಇವೆ, ಬರೀ ಗಿಲೀಟಿನವೂ ಇವೆ. ಹೊರಗಿನಿಂದ ಎರಡೂ ಒಂದೇ ಥರ ಹೊಳೆಯುತ್ತವೆ ಎಂಬುದೇ ತೊಂದರೆ.

ಯಾವ ಓದು, ಎಷ್ಟು ವರ್ಷ?

ಮೊದಲು ಓದಿನ ಹೆಸರು ಸರಿಯಾಗಿ ತಿಳಿಯಬೇಕು. ಮೋಸದ ಅರ್ಧ ಭಾಗ ಇಲ್ಲೇ ನಡೆಯುತ್ತದೆ.

ಎಎನ್‌ಎಂ ಎಂದರೆ ಎರಡು ವರ್ಷ. ಹಳ್ಳಿಯ ಉಪಕೇಂದ್ರಗಳಲ್ಲಿ ಬಾಣಂತಿ, ಮಗು, ಲಸಿಕೆ ನೋಡಿಕೊಳ್ಳುವ ಕೆಲಸಕ್ಕೆ ಇದು ದಾರಿ. ಜಿಎನ್‌ಎಂ ಎಂದರೆ ಮೂರು ವರ್ಷದ ಡಿಪ್ಲೊಮಾ. ವಾರ್ಡಿನಲ್ಲಿ ನಿಂತು ಕೆಲಸ ಮಾಡುವ ಸಿಸ್ಟರುಗಳಲ್ಲಿ ಬಹಳ ಮಂದಿ ಈ ಓದಿನವರು. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್ ತಗೊಂಡವರಿಗೂ ಇಂಗ್ಲಿಷು ಪಾಸಾಗಿ ಒಟ್ಟು ಶೇಕಡ 40 ಅಂಕ ಇದ್ದರೆ ಇದರ ಬಾಗಿಲು ತೆರೆದಿದೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಇದಕ್ಕೆ ಮಾತ್ರ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಕಾಮರ್ಸ್ ಹುಡುಗಿಗೆ ಬಿ.ಎಸ್ಸಿ. ಸೀಟು ಕೊಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ, ಅಲ್ಲಿಂದ ಎದ್ದು ಬರುವುದೇ ಜಾಣತನ. ಜಿಎನ್‌ಎಂ ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಓದಿ ಬಿ.ಎಸ್ಸಿ. ಪದವಿ ಪಡೆಯಬಹುದು. ಆದ್ದರಿಂದ ಡಿಪ್ಲೊಮಾ ಎಂದು ಮೂಗು ಮುರಿಯಬೇಕಾದ್ದಿಲ್ಲ.

ಇನ್ನು ಕಂಬದ ಮೇಲಿನ 'ಆರು ತಿಂಗಳ ನರ್ಸಿಂಗ್', 'ಒಂದು ವರ್ಷದ ನರ್ಸಿಂಗ್ ಡಿಪ್ಲೊಮಾ'. ಇದನ್ನು ಓದಿದವರು ನರ್ಸು ಆಗುವುದಿಲ್ಲ. ರೋಗಿಗೆ ಊಟ ಮಾಡಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಇವು ಮರ್ಯಾದೆಯ ಕೆಲಸವೇ. ಮನೆಯಲ್ಲಿ ಮುದುಕರನ್ನು ನೋಡಿಕೊಳ್ಳಲು ಇಂಥವರು ಬೇಕು. 'ಇದು ಸಹಾಯಕಿಯ ತರಬೇತಿ' ಎಂದು ನೇರ ಹೇಳಿ ಕಲಿಸಿದರೆ ಯಾರ ತಕರಾರೂ ಇಲ್ಲ. ನರ್ಸು ಎಂಬ ಹೆಸರು ಹೇಳಿ ದುಡ್ಡು ತಗೊಂಡರೆ ಅದು ಮೋಸ. ಆ ಸರ್ಟಿಫಿಕೇಟು ಹಿಡಿದು ಹೋದರೆ ನರ್ಸುಗಳ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಬರುವುದಿಲ್ಲ, ವಿಮಾನ ಹತ್ತುವ ಮಾತು ದೂರವೇ ಉಳಿಯಿತು.

ಹಾಸಿಗೆ ಎಷ್ಟು, ರೋಗಿ ಎಷ್ಟು?

ನರ್ಸಿಂಗ್ ಕಾಲೇಜಿಗೆ ಕಟ್ಟಡ ಬೇಕು, ಬೆಂಚು ಬೇಕು, ಲ್ಯಾಬಿನಲ್ಲಿ ರಬ್ಬರ್ ಬೊಂಬೆ ಬೇಕು. ಆದರೆ ನರ್ಸು ತಯಾರಾಗುವುದು ಅಲ್ಲಲ್ಲ, ವಾರ್ಡಿನಲ್ಲಿ. ಈಜು ಕಲಿಯಲು ಬಾವಿ ಬೇಕಾದ ಹಾಗೆ ಶುಶ್ರೂಷೆ ಕಲಿಯಲು ರೋಗಿ ಬೇಕು. ಬೊಂಬೆಗೆ ಸೂಜಿ ಚುಚ್ಚಿದವಳು ನಡುಗುವ ಮುದುಕನ ಕೈಯಲ್ಲಿ ನರ ಹುಡುಕಲಾರಳು.

ಅದಕ್ಕೇ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ಕಾಲೇಜಿಗೆ 100 ಹಾಸಿಗೆಗಳ ಸ್ವಂತ ಆಸ್ಪತ್ರೆಯ ಮಾತಿದೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕವಿದೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರಿರಬೇಕು ಎಂದಿದೆ.

ಈ ಲೆಕ್ಕವನ್ನು ಅಂಗಡಿ ಲೆಕ್ಕದ ಹಾಗೆ ಹಾಕಿ ನೋಡಬಹುದು. ವರ್ಷಕ್ಕೆ 40 ಸೀಟಿನ ಜಿಎನ್‌ಎಂ ಶಾಲೆ ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ 120 ಹುಡುಗಿಯರು. ಒಂದೇ ಹೊತ್ತಿಗೆ ಅರ್ಧ ಜನ ವಾರ್ಡಿಗೆ ಹೋದರೂ 60. ತಲೆಗೆ ಮೂವರ ಹಾಗೆ 180 ರೋಗಿಗಳು ಬೇಕು. ಹಾಸಿಗೆ ಅಲ್ಲ, ಹಾಸಿಗೆಯ ಮೇಲೆ ರೋಗಿ. 20 ಹಾಸಿಗೆಯ ನರ್ಸಿಂಗ್ ಹೋಮ್ ತೋರಿಸಿ 'ಇದೇ ನಮ್ಮ ಆಸ್ಪತ್ರೆ' ಎಂದರೆ ಲೆಕ್ಕ ಹೇಗೆ ಕೂಡುತ್ತದೆ?

'ವಿಕ್ಟೋರಿಯಾಗೆ ಕಳಿಸ್ತೀವಿ, ಕೆ.ಸಿ. ಜನರಲ್‌ಗೆ ಕಳಿಸ್ತೀವಿ' ಎನ್ನುವ ಉತ್ತರವೂ ಬರಬಹುದು. ದೊಡ್ಡ ಸರ್ಕಾರಿ ಆಸ್ಪತ್ರೆಗಿಂತ ಒಳ್ಳೆ ಪಾಠಶಾಲೆ ಇಲ್ಲ, ಒಪ್ಪೋಣ. ಆದರೆ ಅದೇ ವಾರ್ಡಿಗೆ ಇನ್ನೂ ಎಷ್ಟು ಕಾಲೇಜಿನವರು ಬರುತ್ತಾರೆ? ವರ್ಷದಲ್ಲಿ ಎಷ್ಟು ವಾರ ಕಳಿಸುತ್ತಾರೆ? ಜೊತೆಗೆ ಕಾಲೇಜಿನ ಟೀಚರು ಬರುತ್ತಾರೋ, ಹುಡುಗಿಯರನ್ನು ಗೇಟಿನ ಹತ್ತಿರ ಬಿಟ್ಟು ಹೋಗುತ್ತಾರೋ? ಕಳಿಸುವ ಅನುಮತಿ ಪತ್ರ ಎಲ್ಲಿದೆ? ಒಂದು ಹಾಸಿಗೆಯ ಸುತ್ತ ಹತ್ತು ಮಂದಿ ನಿಂತರೆ ಮುಂದಿನ ಇಬ್ಬರು ಕಲಿಯುತ್ತಾರೆ, ಹಿಂದಿನ ಎಂಟು ಜನ ರೋಗಿಯ ಕಾಲು ನೋಡಿ ಬರುತ್ತಾರೆ.

ಸತ್ಯ ತಿಳಿಯಲು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂರಬೇಕಿಲ್ಲ. ಕಾಲೇಜು ಬಿಡುವ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ನಿಂತು ಕೊನೆ ವರ್ಷದ ಹುಡುಗಿಯನ್ನು ವಿಚಾರಿಸಿದರೆ ಸಾಕು. 'ಹೆರಿಗೆ ಎಷ್ಟು ಮಾಡಿಸಿದ್ದೀಯಮ್ಮ? ನೈಟ್ ಡ್ಯೂಟಿ ಯಾವ ಆಸ್ಪತ್ರೆಯಲ್ಲಿ? ಮಕ್ಕಳ ವಾರ್ಡು ಎಲ್ಲಿ ನೋಡಿದೆ? ಮಾನಸಿಕ ರೋಗಿಗಳ ವಾರ್ಡಿಗೆ ಹೋಗಿದ್ಯಾ?' ಅವಳು ಬೆರಳು ಮಡಿಚಿ ಲೆಕ್ಕ ಹೇಳಿದರೆ ಕಾಲೇಜು ಪರವಾಗಿಲ್ಲ. ಗೆಳತಿಯ ಮುಖ ನೋಡಿ ನಕ್ಕರೆ ಉತ್ತರ ಸಿಕ್ಕಿದಂತೆ.

'ಅಟೆಂಡೆನ್ಸ್ ಬೇಕಾಗಿಲ್ಲ, ಪರೀಕ್ಷೆಗೆ ಬಂದ್ರೆ ಸಾಕು' ಎಂಬ ಮಾತೂ ಮಾರುಕಟ್ಟೆಯಲ್ಲಿದೆ. ಕೆಲಸಕ್ಕೆ ಹೋಗುತ್ತಲೇ ಓದಬಹುದು ಎಂದು ಅದನ್ನು ಲಾಭವಾಗಿ ಎಣಿಸುವವರೂ ಇದ್ದಾರೆ. ನಿಯಮ ಹೇಳುವುದು ಬೇರೆ. ಪರೀಕ್ಷೆಗೆ ಕೂರಲು ಶೇಕಡ 80 ಹಾಜರಿ ಬೇಕು. ಸರ್ಟಿಫಿಕೇಟು ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್ಲಿನಲ್ಲಿ ನೂರಕ್ಕೆ ನೂರು ಆಗಿರಬೇಕು. ಹಾಜರಿಯನ್ನೇ ಮಾರುವ ಕಾಲೇಜು ಇನ್ನೇನನ್ನು ಮಾರುವುದಿಲ್ಲ?

ಭೋಪಾಲದಿಂದ ಬಂದ ಪಾಠ

ಇಷ್ಟೆಲ್ಲ ಅನುಮಾನ ಯಾಕೆ, ಸರ್ಕಾರ ನೋಡಿಯೇ ಅಲ್ವಾ ಪರ್ಮಿಷನ್ ಕೊಟ್ಟಿರೋದು ಎನ್ನಬಹುದು. ಮಧ್ಯಪ್ರದೇಶದ ತಂದೆತಾಯಿಗಳೂ ಹಾಗೇ ಅಂದುಕೊಂಡಿದ್ದರು. ಅಲ್ಲಿ ಕಾಗದದಲ್ಲಿದ್ದ ಆಸ್ಪತ್ರೆಗಳು ನೆಲದ ಮೇಲೆ ಇಲ್ಲ ಎಂಬ ದೂರು ಹೈಕೋರ್ಟಿಗೆ ಹೋಯಿತು. ಕೋರ್ಟು ಸಿಬಿಐಗೆ ತಪಾಸಣೆ ವಹಿಸಿತು. ಮುನ್ನೂರಕ್ಕೂ ಹೆಚ್ಚು ಕಾಲೇಜು ನೋಡಿದ ಸಿಬಿಐ 169 ಮಾತ್ರ ಸರಿಯಾಗಿವೆ ಎಂದು ವರದಿ ಕೊಟ್ಟಿತು. ಅರವತ್ತಕ್ಕೂ ಹೆಚ್ಚು ಕಾಲೇಜುಗಳು ಯೋಗ್ಯವೇ ಅಲ್ಲ ಎಂದಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರ ಮೇ ತಿಂಗಳಲ್ಲಿ, ಒಳ್ಳೆ ವರದಿ ಕೊಡಲು ಲಂಚ ತಗೊಂಡರೆಂದು ಸಿಬಿಐ ತನ್ನ ಅಧಿಕಾರಿಗಳನ್ನೇ ಹಿಡಿಯಿತು. 'ಸರಿ' ಎಂದಿದ್ದ ಆ 169ನ್ನೂ ಮತ್ತೆ ನೋಡಿ ಎಂದು ಕೋರ್ಟು ಹೇಳಬೇಕಾಯಿತು. ಬೇಲಿಯನ್ನು ಕಾಯಲು ಇಟ್ಟವನೇ ಹೊಲ ಮೇಯ್ದಂತಾಯಿತು. ಈ ಗಲಾಟೆಯಲ್ಲಿ ಪರೀಕ್ಷೆ ವರ್ಷಗಟ್ಟಲೆ ಮುಂದೆ ಹೋಗಿ ಒದ್ದಾಡಿದವರು ವಿದ್ಯಾರ್ಥಿಗಳು. ಕಟ್ಟಿದ ಫೀಸು ಸಿಕ್ಕರೂ ಹೋದ ವಯಸ್ಸು ಯಾರೂ ವಾಪಸು ಕೊಡುವುದಿಲ್ಲ.

ಕರ್ನಾಟಕದಲ್ಲೂ ಬೇರೆ ಬಗೆಯ ಒಂದು ಗೊಂದಲ ಆಗಿತ್ತು. ಕಾಲೇಜಿಗೆ ಮಾನ್ಯತೆ ಕೊಡುವವರು ರಾಜ್ಯದವರೋ ದೆಹಲಿಯ ಪರಿಷತ್ತಿನವರೋ ಎಂಬ ಜಗಳ. ರಾಜ್ಯದ ಮಾನ್ಯತೆ ಸಾಕು ಎಂದು ಸರ್ಕಾರ ಹೇಳಿತು. ದೆಹಲಿಯ ಪರಿಷತ್ತಿಗೆ ಆ ಅಧಿಕಾರ ಇಲ್ಲವೆಂದು 2017ರಲ್ಲಿ ಹೈಕೋರ್ಟೂ ಹೇಳಿತು. ದೆಹಲಿಯ ಪಟ್ಟಿಯಿಂದ ಇಲ್ಲಿನ ಕಾಲೇಜುಗಳ ಹೆಸರು ಹೋಯಿತು. ಬ್ಯಾಂಕಿನವರು ಪಟ್ಟಿ ಕೇಳಿದರು, ಕೇರಳದಿಂದ ಬಂದ ಮಕ್ಕಳಿಗೆ ಸಾಲ ಕಷ್ಟವಾಯಿತು. ದೊಡ್ಡವರ ಜಗಳದಲ್ಲಿ ಕೂಸು ಬಡವಾಯಿತು. 1947ರ ಹಳೇ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಶುಶ್ರೂಷಾ ಆಯೋಗದ ಹೊಸ ಕಾಯ್ದೆ 2023ರಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. ಕಾಯ್ದೆ ಯಾವುದೇ ಇರಲಿ, ದುಡ್ಡು ಕಟ್ಟುವ ಮೊದಲು ಕಾಗದ ನೋಡುವ ಕೆಲಸ ಹೆತ್ತವರದೇ.

ಯಾವ ಕಾಗದ?

ಮೂರು ಕಾಗದ ನೋಡಿದರೆ ಸಾಕು. ಒಂದು, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ. ಅದು ಈ ವರ್ಷದ್ದಾಗಿರಬೇಕು. ಐದು ವರ್ಷದ ಹಿಂದಿನದನ್ನು ಫ್ರೇಮು ಹಾಕಿ ಗೋಡೆಗೆ ತೂಗಿದರೆ ಅದು ಫೋಟೋ, ಮಾನ್ಯತೆ ಅಲ್ಲ. ಎರಡು, ಪರೀಕ್ಷೆ ನಡೆಸುವವರು ಯಾರು? ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಬಿ.ಎಸ್ಸಿ. ಆದರೆ ಸಾಮಾನ್ಯವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕೇಳದ ಊರಿನ, ಕಾಣದ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಎರಡು ಸಲ ವಿಚಾರಿಸಬೇಕು. ಮೂರು, ಎಷ್ಟು ಸೀಟಿಗೆ ಅನುಮತಿ ಇದೆ? 40ಕ್ಕೆ ಅನುಮತಿ ಪಡೆದು 70 ಜನರ ಹತ್ತಿರ ಫೀಸು ತಗೊಂಡರೆ, ಮಿಕ್ಕ 30 ಜನರ ಹಾಲ್ ಟಿಕೆಟ್ಟು ಎಲ್ಲಿಂದ ಬರಬೇಕು?

ಏಜೆಂಟು ವಾಟ್ಸಾಪಿನಲ್ಲಿ ಕಳಿಸುವ ಕಾಗದ ನಂಬುವಂಥದ್ದಲ್ಲ. ಪರಿಷತ್ತಿನ, ಮಂಡಳಿಯ, ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ಕಾಲೇಜಿನ ಹೆಸರು ನೋಡಬೇಕು. ಓದು ಮುಗಿದ ಮೇಲೆ ರಾಜ್ಯ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಏರಿದಾಗಲೇ ಅವಳು ನರ್ಸು. ಹೊರದೇಶಕ್ಕೆ ಹೊರಟವರ ಸರ್ಟಿಫಿಕೇಟನ್ನು ಅಲ್ಲಿನವರು ಕೊಟ್ಟವರ ಹತ್ತಿರವೇ ಕೇಳಿ ಪರೀಕ್ಷಿಸುತ್ತಾರೆ. ಇಲ್ಲಿ ನಡೆದ ಕಳ್ಳಾಟ ಅಲ್ಲಿ ನಡೆಯುವುದಿಲ್ಲ.

ದುಡ್ಡಿನ ಮಾತು

ಖಾಸಗಿ ಕಾಲೇಜಿನವರು ಫೀಸು ಏರಿಸಿ ಎಂದು 2025ರಲ್ಲಿ ಕೇಳಿದರು. ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಒಪ್ಪಲಿಲ್ಲ. ಆಗ ಇದ್ದ ದರ ಹೀಗೆ: ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 10 ಸಾವಿರ ರೂಪಾಯಿ. ಆಡಳಿತ ಮಂಡಳಿ ಸೀಟಿಗೆ ನಮ್ಮ ರಾಜ್ಯದವರಿಗೆ 1 ಲಕ್ಷ, ಹೊರಗಿನವರಿಗೆ 1 ಲಕ್ಷ 40 ಸಾವಿರ. ಇದರ ಮೇಲೆ ಹಾಸ್ಟೆಲು, ಯೂನಿಫಾರಂ, ಪರೀಕ್ಷೆ, ಆಸ್ಪತ್ರೆಗೆ ಹೋಗುವ ವ್ಯಾನು ಎಂದು ಬಾಲ ಬೆಳೆಯುತ್ತದೆ. ಕಾಲೇಜಿನವರ ಪಕ್ಷವೂ ಇದೆ. ಟೀಚರ ಸಂಬಳ, ಬಾಡಿಗೆ, ಆಸ್ಪತ್ರೆಗೆ ಕಟ್ಟುವ ದುಡ್ಡು ಎಲ್ಲ ಏರಿದೆ, ಹಳೇ ದರದಲ್ಲಿ ಹೇಗೆ ನಡೆಸೋದು ಎನ್ನುತ್ತಾರೆ. ಇರಬಹುದು. ಹಾಗಿದ್ದರೆ ಪೂರ್ತಿ ಲೆಕ್ಕ ಮೊದಲ ದಿನವೇ ಬರೆದು ಕೊಡಲಿ. ಮೂರನೇ ವರ್ಷದಲ್ಲಿ ಹಾಲ್ ಟಿಕೆಟ್ಟು ಹಿಡಿದಿಟ್ಟು ಹೊಸ ಬಾಬ್ತು ಹೇಳುವುದು ವ್ಯಾಪಾರಸ್ಥರ ಮರ್ಯಾದೆಯೂ ಅಲ್ಲ.

ಡೊನೇಷನ್ ತಗೊಳ್ಳಬಾರದು ಎಂಬ ಕಾನೂನು ಈ ರಾಜ್ಯದಲ್ಲಿ 1984ರಿಂದ ಇದೆ. ಕೊಟ್ಟ ಪ್ರತಿ ಪೈಸೆಗೂ ಕಾಲೇಜಿನ ಹೆಸರಿನ ರಸೀದಿ ಬೇಕು, ಏಜೆಂಟಿನ ಖಾತೆಗೆ ಹಾಕಿದ ದುಡ್ಡಿಗೆ ಲೆಕ್ಕವಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ನೋಡಿ, ಜೆರಾಕ್ಸ್ ಇಟ್ಟುಕೊಂಡು, ವಾಪಸು ಕೊಡಬೇಕು. ಅದು ಗಿರವಿ ಇಡುವ ಒಡವೆ ಅಲ್ಲ.

ಓದಿದ ಮೇಲೆ ಸಂಬಳ ಎಷ್ಟು? 'ತಿಂಗಳಿಗೆ ಅರವತ್ತು ಸಾವಿರ' ಎಂದು ಏಜೆಂಟು ಹೇಳುತ್ತಾನೆ. ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿ 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ 20 ಸಾವಿರಕ್ಕೆ ಕಡಿಮೆ ಇರಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ಸಂಬಳಕ್ಕೆ ಸಮ ಇರಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಕಡೆಗಳು ಬಹಳ. ಒಳ್ಳೆ ಸಂಬಳ ಕೊಡುವ ದೊಡ್ಡ ಆಸ್ಪತ್ರೆ ಸರ್ಟಿಫಿಕೇಟಿನ ಜೊತೆಗೆ ಕೈಗುಣವನ್ನೂ ನೋಡುತ್ತದೆ. ಅಲ್ಲಿಗೆ ಮಾತು ಮತ್ತೆ ವಾರ್ಡಿಗೇ ಬಂತು.

ಮನೆಯಲ್ಲೇ ಇರುವ ಕಾರ್ಡು

ಪೀಣ್ಯದ ಕಾರ್ಮಿಕರು ಒಂದನ್ನು ಮರೆತಿದ್ದಾರೆ. ತಿಂಗಳ ಸಂಬಳದಲ್ಲಿ ಇಎಸ್‌ಐಗೆಂದು ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರಲ್ಲ, ಆ ಕಾರ್ಡು ರಾಜಾಜಿನಗರದ ಆಸ್ಪತ್ರೆಯಲ್ಲಿ ಮಾತ್ರೆ ತರಲು ಮಾತ್ರ ಅಲ್ಲ. ಇಎಸ್‌ಐ ನಿಗಮಕ್ಕೆ ಇಂದಿರಾನಗರದಲ್ಲಿ ಸ್ವಂತ ನರ್ಸಿಂಗ್ ಕಾಲೇಜಿದೆ. ನಿಗಮದ ಕಾಲೇಜುಗಳಲ್ಲಿ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆಂದೇ ಸೀಟು ಮೀಸಲಿಡುವ ಪದ್ಧತಿ ಇದೆ. ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು ಇಎಸ್‌ಐ ಕಚೇರಿಯೇ ಕೊಡುತ್ತದೆ. ಯಾವ ಪರೀಕ್ಷೆ, ಯಾವ ತಾರೀಖು ಎಂಬುದು ಆಯಾ ವರ್ಷದ ನೋಟಿಸಿನಲ್ಲಿ ಬರುತ್ತದೆ. ಆದ್ದರಿಂದ ಮಗಳು ಪಿಯುಸಿ ಎರಡನೇ ವರ್ಷದಲ್ಲಿರುವಾಗಲೇ ವಿಚಾರಿಸಬೇಕು, ರಿಸಲ್ಟು ಬಂದ ಮೇಲೆ ಅಲ್ಲ. ಸಂಘಟಿತ ವಲಯದ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಓದಿನ ಧನಸಹಾಯವೂ ಉಂಟು.

ಇನ್ನೊಂದು ಮಾತು. 'ಕಾಲೇಜು ಮನೆಗೆ ಹತ್ತಿರ ಇದೆ' ಎಂದು ಸೇರಿಸುವವರು ಬಹಳ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟು ಫ್ರೀ ಆಯಿತು. ಲಗ್ಗೆರೆಯಿಂದ ಮಾರ್ಕೆಟ್ಟಿಗೆ ಹೋಗಿ ವಿಕ್ಟೋರಿಯಾ ವಾರ್ಡಿನಲ್ಲಿ ಕಲಿಯಲು ಬಸ್ಸಿನ ಖರ್ಚಿಲ್ಲ. ಒಂದು ಗಂಟೆ ನಿಂತು ಹೋಗುವ ಕಷ್ಟ ಇದೆ, ನಿಜ. ಮೂರು ವರ್ಷ ನಿಂತು ಹೋದವಳು ಮೂವತ್ತು ವರ್ಷ ತಲೆ ಎತ್ತಿ ನಡೆಯುತ್ತಾಳೆ.

ಅಂಗಡಿಯವರು ಕೇಳಬೇಕಾದ ಪ್ರಶ್ನೆ

ಕಂಬದ ಚೀಟಿ ಕೀಳಲು ಪಾಲಿಕೆಯವರು ಬರಬಹುದು, ಬರದೇ ಇರಬಹುದು. ಮಾನ್ಯತೆ ಇರುವ ಕಾಲೇಜುಗಳ ಪಟ್ಟಿ, ಸೀಟಿನ ಸಂಖ್ಯೆ, ಆಸ್ಪತ್ರೆಯ ಹೆಸರು ಮತ್ತು ಹಾಸಿಗೆ ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸರ್ಕಾರದ ಬೊಕ್ಕಸವೇನೂ ಬರಿದಾಗುವುದಿಲ್ಲ. ಏಜೆಂಟಿನ ಅರ್ಧ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ಅಲ್ಲಿಯವರೆಗೆ ಕೆಲಸ ಊರಿನವರದು. ಏಜೆಂಟು ಪಾಂಪ್ಲೆಟ್ಟಿನ ಕಟ್ಟು ತಂದು ಇಡುವುದು ಜೆರಾಕ್ಸ್ ಅಂಗಡಿಯಲ್ಲಿ, ಬೇಕರಿಯ ಕೌಂಟರಿನಲ್ಲಿ, ಮೆಡಿಕಲ್ ಸ್ಟೋರಿನಲ್ಲಿ. 'ಇಟ್ಟಿರಿ ಅಣ್ಣ, ಯಾರಾದ್ರೂ ಬಂದ್ರೆ ನಿಮಗೂ ಏನಾದ್ರೂ ನೋಡೋಣ' ಎನ್ನುತ್ತಾನೆ. ಆಗ ಅಂಗಡಿಯವರು ಒಂದೇ ಪ್ರಶ್ನೆ ಕೇಳಲಿ: 'ಆಸ್ಪತ್ರೆ ಎಲ್ಲಿದೆ, ಹಾಸಿಗೆ ಎಷ್ಟಿವೆ?' ಉತ್ತರ ಹೇಳಿದರೆ ಪಾಂಪ್ಲೆಟ್ಟು ಇಟ್ಟುಕೊಳ್ಳಲಿ. ತಡವರಿಸಿದರೆ ಕಟ್ಟು ಅವನ ಕೈಗೇ ವಾಪಸು ಕೊಡಲಿ.

ಏಕೆಂದರೆ ಆ ಕೌಂಟರಿನ ಮುಂದೆ ನಿಂತು ಪಾಂಪ್ಲೆಟ್ಟು ಮಡಿಚಿ ಬ್ಯಾಗಿಗೆ ಹಾಕಿಕೊಳ್ಳುವ ಹುಡುಗಿ ಅದೇ ಬೀದಿಯವಳು. ಮುಂದೊಂದು ರಾತ್ರಿ ಎದೆನೋವೆಂದು ಆಸ್ಪತ್ರೆ ಸೇರುವ ಆ ಅಂಗಡಿ ಯಜಮಾನರ ಕೈಗೆ ಡ್ರಿಪ್ಪು ಹಾಕುವವಳೂ ಅವಳೇ ಆಗಿರಬಹುದು.